ಅಂಗವಿಕಲ ವೇತನ: ಅರ್ಜಿ, ಹಿಂಬರಹ, ಮೇಲ್ಮನವಿ – ಹನ್ನೊಂದು ತಿಂಗಳ ಓಡಾಟದ ವಿಮರ್ಶೆ

ನಮ್ಮಣ್ಣನಿಗೆ ಎರಡು ವರ್ಷದವನಿದ್ದಾಗ ಪೋಲಿಯೊ ತಗುಲಿ ಎಡಗಾಲು ಸೊರಗಿತು. ಬಡಗಿ ಕೆಲಸ ಕಲಿತು ಸಂಸಾರ ಹೂಡಿದ ಮೇಲೆ ಗರಗಸದ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳು ಹೋದವು. ಕೆಲಸ ನಿಂತ ಮೇಲೆಯೇ ಅಂಗವಿಕಲ ವೇತನಕ್ಕೆ ಅರ್ಜಿ ಹಾಕುವ ಮಾತು ಮನೆಯಲ್ಲಿ ಬಂತು. ಅರ್ಜಿ ಹಾಕಿದ ದಿನದಿಂದ ಮಂಜೂರಾತಿ ಆದೇಶ ಕೈಗೆ ಬರುವವರೆಗೆ ಹಿಡಿದ ಹನ್ನೊಂದು ತಿಂಗಳಲ್ಲಿ ಈ ಸೇವೆಯ ಯಾವ ಭಾಗ ಚೆನ್ನಾಗಿದೆ, ಯಾವುದು ಅರ್ಜಿದಾರನನ್ನು ಸುಮ್ಮನೆ ಅಲೆಸುತ್ತದೆ ಎಂಬುದನ್ನು ಕಂಡಂತೆ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. 2021ರ ಏರಿಕೆಯ ನಂತರ ರಾಜ್ಯದಲ್ಲಿ ಶೇ 40ರಿಂದ 75ರೊಳಗಿನ ವೈಕಲ್ಯಕ್ಕೆ ತಿಂಗಳಿಗೆ 800 ರೂಪಾಯಿ, ಅದಕ್ಕಿಂತ ಹೆಚ್ಚಿನದಕ್ಕೆ 1,400 ರೂಪಾಯಿ. ಕೇಂದ್ರದ ಯೋಜನೆ ಶೇ 80 ದಾಟಿದ ಬಡತನ ರೇಖೆಯ ಕೆಳಗಿನವರಿಗೆ ಮಾತ್ರ, ಅದರ ಪಾಲು 300 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ಮೀರಬಾರದೆಂಬ ಷರತ್ತೂ ಇದೆ. ತಿಂಗಳಿಗೆ 2,700 ರೂಪಾಯಿಯನ್ನೂ ಮುಟ್ಟದ ಈ ಮಿತಿಯೊಳಗೆ ಇಂದು ಯಾವ ಕುಟುಂಬ ನಿಜವಾಗಿ ಬದುಕುತ್ತದೆ ಎಂದು ಕೇಳಬೇಕೆನಿಸುತ್ತದೆ.

ನಾಡಕಚೇರಿಯ ಬಗ್ಗೆ ನನಗೆ ದೂರಿಲ್ಲ. ಆಧಾರ್, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್ ಪುಸ್ತಕ, ಯುಡಿಐಡಿ ಕಾರ್ಡ್ (ವೈಕಲ್ಯದ ಪ್ರಮಾಣ ತೋರಿಸುವ ಅಂಗವಿಕಲರ ಗುರುತಿನ ಚೀಟಿ) ಇಷ್ಟನ್ನು ನೋಡಿ ಅರ್ಧ ಗಂಟೆಯಲ್ಲಿ ಸಕಾಲದ ಸ್ವೀಕೃತಿ ಚೀಟಿ ಕೊಟ್ಟರು. ಗ್ರಾಮ ಆಡಳಿತ ಅಧಿಕಾರಿ ವಾರದೊಳಗೆ ಮನೆಗೆ ಬಂದು, ಅಣ್ಣನ ಕಾಲನ್ನೂ ಕೈಯನ್ನೂ ನೋಡಿ, ವರದಿ ಬರೆದುಕೊಂಡು ಹೋದರು. ಕೊನೆಗೆ ಬಂದದ್ದು ಮಾತ್ರ ಹಿಂಬರಹ: ‘ವೈಕಲ್ಯ ಪ್ರಮಾಣ ಶೇ 40ಕ್ಕಿಂತ ಕಡಿಮೆ ಇರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ.’

ಅಣ್ಣನ ಯುಡಿಐಡಿ ಕಾರ್ಡಿಗೆ ಬಿಳಿ ಪಟ್ಟಿ ಇತ್ತು. ಶೇ 40ಕ್ಕಿಂತ ಕಡಿಮೆಯಾದರೆ ಬಿಳಿ, 40ರಿಂದ 80ರೊಳಗೆ ಹಳದಿ, ಅದರಾಚೆ ನೀಲಿ ಎಂಬುದು ನಮಗೆ ಆಗ ಗೊತ್ತಿರಲಿಲ್ಲ; ಕಾರ್ಡ್ ಬಂತಲ್ಲ ಎಂಬ ಸಮಾಧಾನದಲ್ಲಿ ಅದನ್ನು ತಿರುಗಿಸಿ ನೋಡಿದವರೂ ಇಲ್ಲ.

ಇಲ್ಲಿಂದ ಒಂದೂವರೆ ತಿಂಗಳು ನಾವು ತಪ್ಪು ಬಾಗಿಲು ತಟ್ಟಿದೆವು. ಸಕಾಲ ಕಾಯ್ದೆಯಡಿ ತಿರಸ್ಕಾರದ ವಿರುದ್ಧ 30 ದಿನದೊಳಗೆ ಮೇಲ್ಮನವಿ ಹಾಕಬಹುದೆಂದು ಯಾರೋ ಹೇಳಿದ್ದೇ ತಡ, ಹಾಕಿಬಿಟ್ಟೆವು. ಉತ್ತರ ಸರಿಯಾಗಿಯೇ ಇತ್ತು: ವೈಕಲ್ಯ ಪ್ರಮಾಣಪತ್ರದಲ್ಲಿ ವೈದ್ಯರು ಬರೆದ ಅಂಕಿಯನ್ನು ಕಂದಾಯ ಇಲಾಖೆ ತಿದ್ದಲಾರದು. ತಹಶೀಲ್ದಾರರು ನಿರಾಕರಿಸಿದ್ದು ನಿಜ, ಆದರೆ ತಪ್ಪು ಇದ್ದದ್ದು ಆಸ್ಪತ್ರೆಯ ಕಾಗದದಲ್ಲಿ. ಆ ಕಾಗದವನ್ನು ಪ್ರಶ್ನಿಸುವ ದಾರಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 59ನೇ ಕಲಮಿನಲ್ಲಿದೆ. ಹಿಂಬರಹದಲ್ಲಿ ಇದನ್ನೊಂದು ಸಾಲಿನಲ್ಲಿ ಮುದ್ರಿಸಿದ್ದರೆ ನಮ್ಮ ಒಂದೂವರೆ ತಿಂಗಳು ಉಳಿಯುತ್ತಿತ್ತು. ಈ ಸೇವೆಯ ಮೇಲೆ ನನ್ನ ದೊಡ್ಡ ಆಕ್ಷೇಪ ಇದೇ.

ದಾರಿ ತೋರಿದವರು ನಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆ, ಊರಿನವರ ಬಾಯಲ್ಲಿ ‘ವಿ.ಆರ್.ಡಬ್ಲ್ಯು. ಅಕ್ಕ’. ಊರುಗೋಲು ಹಿಡಿದೇ ಪಂಚಾಯಿತಿಯ ಹಳ್ಳಿಗಳನ್ನೆಲ್ಲ ಸುತ್ತುವ ಅವರು ಪ್ರಮಾಣಪತ್ರವನ್ನು ಎರಡು ಸಲ ಓದಿ, “ಇದರಲ್ಲಿ ಕಾಲು ಮಾತ್ರ ಇದೆಯಲ್ಲಣ್ಣ, ಕೈ ಎಲ್ಲಿ?” ಎಂದು ಕೇಳಿದರು. ಹೌದು, ಶೇ 34 ಎಂಬ ಅಂಕಿಯ ಪಕ್ಕದಲ್ಲಿ ಎಡಗಾಲಿನ ಹೆಸರು ಮಾತ್ರ ಇತ್ತು. ಸೈಬರ್ ಅಂಗಡಿಯ ಹುಡುಗ ಯುಡಿಐಡಿ ಪೋರ್ಟಲಿನಲ್ಲಿ ಕಾರ್ಡಿನ ಅರ್ಜಿ ತುಂಬುವಾಗ ಬಾಧಿತ ಅಂಗದ ಜಾಗದಲ್ಲಿ ಎಡಗಾಲನ್ನಷ್ಟೇ ಒತ್ತಿದ್ದ. ತಪಾಸಣೆಯ ದಿನ ನೂರಾರು ಜನರ ಸಾಲಿನಲ್ಲಿ ನಮ್ಮ ಸರದಿಗೆ ಸಿಕ್ಕ ನಾಲ್ಕೈದು ನಿಮಿಷದಲ್ಲಿ ವೈದ್ಯರು ಕಾಗದದಲ್ಲಿದ್ದುದನ್ನೇ ಅಳೆದಿದ್ದರು. ಅಣ್ಣ ಕೈಯನ್ನು ಟವೆಲಿನಲ್ಲಿ ಸುತ್ತಿಕೊಂಡು ಕೂತಿದ್ದ, ಅದು ಅವನಿಗೆ ಅಭ್ಯಾಸವಾಗಿಬಿಟ್ಟಿದೆ. ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ, ಅಲ್ಲಿ ತಿಳಿಸಿದ ಮೇಲ್ಮನವಿ ಪ್ರಾಧಿಕಾರಕ್ಕೆ ಒಂದೂವರೆ ಪುಟದ ಅರ್ಜಿ ಬರೆದೆವು. ಬಡತನದ ವರ್ಣನೆಯನ್ನು ಅಕ್ಕ ಹೊಡೆದುಹಾಕಿಸಿದರು. ಅಪಘಾತದ ದಿನದ ಆಸ್ಪತ್ರೆಯ ಬಿಡುಗಡೆ ಚೀಟಿ, ಕೈಯ ಎಕ್ಸ್‌ರೇ, ಹಳೆಯ ಪ್ರಮಾಣಪತ್ರದ ಪ್ರತಿ, ‘ಬಲಗೈಯನ್ನು ಮೌಲ್ಯಮಾಪನಕ್ಕೆ ಪರಿಗಣಿಸಿಲ್ಲ’ ಎಂಬ ಒಂದು ವಾಕ್ಯ, ಇಷ್ಟು ಸಾಕು ಎಂದರು. ಸಾಕಾಯಿತು ಕೂಡ. ಮರುತಪಾಸಣೆಗೆ ಕರೆ ಬರಲು ಮೂರು ತಿಂಗಳು ಹಿಡಿಯಿತು, ಆದರೆ ಆ ದಿನದ ತಪಾಸಣೆ ಅಚ್ಚುಕಟ್ಟಾಗಿತ್ತು. ಮೂಳೆ ವೈದ್ಯರು ಕಾಲಿನ ಸ್ನಾಯುಗಳ ಬಲವನ್ನು ಒಂದೊಂದಾಗಿ ಪರೀಕ್ಷಿಸಿದರು, ಎರಡೂ ಕಾಲುಗಳ ಉದ್ದವನ್ನು ಟೇಪಿನಿಂದ ಅಳೆದರು, ಅಣ್ಣನ ಕೈಗೆ ಪೆನ್ನು, ಲೋಟ, ಬೀಗದ ಕೈ ಕೊಟ್ಟು ಹಿಡಿಯಲು ಹೇಳಿದರು. ಬೀಗದ ಕೈ ಎರಡು ಸಲ ಕೆಳಗೆ ಬಿತ್ತು.

ಕಾಲಿಗೆ ಶೇ 34, ಕೈಗೆ ಶೇ 18. ಎರಡನ್ನೂ ಕೂಡಿದರೆ 52 ಎಂದು ನಾನು ಹಿಗ್ಗಿದ್ದೆ, ಆದರೆ ಲೆಕ್ಕ ಹಾಗಲ್ಲ. ದೊಡ್ಡ ಅಂಕಿಯನ್ನು 90ರಿಂದ ಕಳೆದು, ಉಳಿದುದನ್ನು ಚಿಕ್ಕ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದುದನ್ನು ದೊಡ್ಡ ಅಂಕಿಗೆ ಸೇರಿಸಬೇಕು. 90ರಲ್ಲಿ 34 ಕಳೆದರೆ 56, ಅದರಿಂದ ಬರುವುದು 11.2, ಒಟ್ಟು 45.2. ಪ್ರಮಾಣಪತ್ರದಲ್ಲಿ ಶೇ 45 ಎಂದಾಯಿತು. ಎರಡು ಅಂಗಗಳಿಗೆ ತೊಂದರೆಯಿದ್ದು 40ರ ಹತ್ತಿರಕ್ಕೆ ಬಂದು ನಿಂತವರು ಈ ಸೂತ್ರವನ್ನು ಮನೆಯಲ್ಲೇ ಹಾಕಿ ನೋಡಿಕೊಳ್ಳುವುದು ಒಳ್ಳೆಯದು; ಮೇಲ್ಮನವಿಯಲ್ಲಿ ಹುರುಳಿದೆಯೋ ಇಲ್ಲವೋ ತಿಳಿಯುತ್ತದೆ.

ಹಳದಿ ಪಟ್ಟಿಯ ಕಾರ್ಡ್ ಬಂದ ಮೇಲೆ ನಾಡಕಚೇರಿಯಲ್ಲಿ ಹೊಸ ಅರ್ಜಿ ಹಾಕಿ ಮಂಜೂರಾತಿ ಪಡೆಯುವುದು ಕಷ್ಟವಾಗಲಿಲ್ಲ. ಆದರೆ ಆದೇಶದಲ್ಲಿ ವೇತನ ಮಂಜೂರಾದ ದಿನದಿಂದ ಎಂದಿತ್ತು, ಮೊದಲ ಅರ್ಜಿಯ ದಿನದಿಂದ ಅಲ್ಲ. ಹನ್ನೊಂದು ತಿಂಗಳ 8,800 ರೂಪಾಯಿ ಹೋದದ್ದು ಹೋಯಿತು. ಮೊದಲ ಕಂತು ಕೂಡ ಒಂದು ತಿಂಗಳು ತಡವಾಯಿತು; ಅಣ್ಣನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದ್ದರೂ ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ಹಣ ಆಧಾರ್ ಮೂಲಕ ಯಾವ ಬ್ಯಾಂಕಿಗೆ ಹೋಗಬೇಕೆಂಬ ನೋಂದಣಿ) ಆಗಿರಲಿಲ್ಲ. ಬ್ಯಾಂಕಿನವರು ಅದಕ್ಕೊಂದು ಅರ್ಜಿ ನಮೂನೆ ಕೊಟ್ಟು ಸಹಿ ಹಾಕಲು ಹೇಳಿದಾಗ, ಅಣ್ಣ ಟವೆಲ್ ಬಿಚ್ಚಿ ಬಲಗೈಯಲ್ಲೇ, ನಿಧಾನವಾಗಿ, ಹಾಕಿದ.