ಹಳೆಯ ಜೀಪಿಗೆ ವಾಟರ್‌ಪ್ರೂಫ್ ಕಪ್ಲರ್: ತಕರಾರೆಲ್ಲ ರಬ್ಬರ್ ಸೀಲಿನದೇ

ಮೂಡಿಗೆರೆ ಕಡೆಯ ತೋಟದಲ್ಲಿ ಇನ್ನೂ ದುಡಿಯುತ್ತಿರುವ ನಮ್ಮ ಮಹೀಂದ್ರ ಎಂಎಂ 540 ಜೀಪಿನ ವೈರಿಂಗನ್ನು ಪೂರ್ತಿ ಕಿತ್ತು ಹೊಸದಾಗಿ ಎಳೆದಾಗ, ವೈರಿಗೆ ವೈರು ಜೋಡಿಸುವ ಹಳೆಯ ಬುಲೆಟ್ ಪಿನ್ನುಗಳ ಜಾಗಕ್ಕೆ 1.5 ಮಿ.ಮೀ. ಪಿನ್ನಿನ ವಾಟರ್‌ಪ್ರೂಫ್ ಕಪ್ಲರ್‌ಗಳನ್ನು ಹಾಕಿದೆ. ಕಪ್ಲರ್, ಟರ್ಮಿನಲ್ (ವೈರಿನ ತುದಿಗೆ ಹಾಕುವ ಲೋಹದ ಪಿನ್ನು) ಮತ್ತು ಸೀಲುಗಳು ಒಂದೇ ಡಬ್ಬಿಯಲ್ಲಿ ಬರುವ ಸೆಟ್ ಅದು. ಹೆಸರಾಂತ ಕಂಪನಿಯ ಮಾಲಲ್ಲ, ಅದೇ ಅಚ್ಚಿನ ಅಗ್ಗದ ನಕಲು. ಎಷ್ಟು ಆಂಪಿಯರ್, ಎಷ್ಟರ ಮಟ್ಟಿಗೆ ನೀರು ತಡೆಯುತ್ತದೆ ಎಂಬುದೆಲ್ಲ ಡಬ್ಬಿಯ ಮೇಲೆಯೇ ಇದೆ. ಅದರ ಮೇಲೆ ಎಲ್ಲೂ ಇಲ್ಲದಿರುವುದು, ವೈರಿನ ಹೊರ ವ್ಯಾಸ ಎಷ್ಟಿರಬೇಕು ಎಂಬ ಒಂದೇ ಒಂದು ಅಳತೆ, ಮತ್ತು ನನ್ನ ಸಿಟ್ಟೆಲ್ಲ ಅದರ ಮೇಲೆಯೇ.

ಈ ಕಪ್ಲರಿನಲ್ಲಿ ಪ್ರತಿ ವೈರಿಗೂ ಪ್ರತ್ಯೇಕವಾದ ಪುಟ್ಟ ರಬ್ಬರ್ ಸೀಲಿರುತ್ತದೆ. ಅದನ್ನು ಮೊದಲು ವೈರಿಗೆ ಪೋಣಿಸಿಕೊಂಡು, ತುದಿಯ ಹೊದಿಕೆ ಸುಲಿದು, ಟರ್ಮಿನಲ್ಲಿನ ಮುಂದಿನ ಕಿವಿಗಳು ತಾಮ್ರವನ್ನೂ ಹಿಂದಿನ ಕಿವಿಗಳು ಸೀಲನ್ನೂ ಅಪ್ಪಿ ಹಿಡಿಯುವಂತೆ ಕ್ರಿಂಪ್ ಮಾಡಬೇಕು, ಅಂದರೆ ಇಕ್ಕಳದಿಂದ ಒತ್ತಿ ಮಡಿಸಬೇಕು. ಸೀಲಿನ ತೂತು ಹೊಂದುವುದು ಹೆಚ್ಚೆಂದರೆ 2.4 ಮಿ.ಮೀ. ದಪ್ಪದ ವೈರಿಗೆ. ತೆಳು ಹೊದಿಕೆಯ ಆಟೋ ವೈರಿನಲ್ಲಿ 1.5 ಚದರ ಮಿ.ಮೀ. ತಾಮ್ರವಿದ್ದರೂ ಹೊರ ವ್ಯಾಸ ಆ ಮಿತಿಯನ್ನು ದಾಟುವುದಿಲ್ಲ. ದಪ್ಪ ಹೊದಿಕೆಯದಾದರೆ ಅಷ್ಟೇ ತಾಮ್ರಕ್ಕೆ 3 ಮಿ.ಮೀ. ವರೆಗೂ ಹೋಗುತ್ತದೆ, ಮತ್ತು ನಮ್ಮ ಕಡೆಯ ಅಂಗಡಿಗಳಲ್ಲಿ ಕೇಳಿದೊಡನೆ ಸಿಗುವುದು ಈ ಎರಡನೆಯದೇ. ಬಲವಂತವಾಗಿ ತುರುಕಿದರೆ ಸೀಲು ಸೀಳುತ್ತದೆ, ಇಲ್ಲವೇ ಕಪ್ಲರಿನೊಳಗೆ ಕೂರದೆ ಹೊರಗೇ ಉಬ್ಬಿ ನಿಲ್ಲುತ್ತದೆ. ಸೀಲನ್ನೇ ಬಿಟ್ಟು ಜೋಡಿಸಿದರೆ ಹಿಂದಿನಿಂದ ಇಳಿದ ನೀರು ಹೊರಬರಲು ದಾರಿಯಿಲ್ಲದೆ ಒಳಗೇ ಉಳಿಯುತ್ತದೆ. ಅದಕ್ಕಿಂತ ಹಳೆಯ ಬುಲೆಟ್ ಪಿನ್ನೇ ವಾಸಿ, ಬಿಸಿಲು ಬಿದ್ದಾಗ ಒಣಗಿಯಾದರೂ ಹೋಗುತ್ತದೆ. ಕೊನೆಗೆ ತೆಳು ಹೊದಿಕೆಯ ವೈರನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಬೇಕಾಯಿತು.

ಕ್ರಿಂಪ್ ಮಾಡುವ ಇಕ್ಕಳದ ಬೆಲೆ ಕಪ್ಲರ್ ಸೆಟ್ಟಿಗಿಂತ ಹೆಚ್ಚು. ಬೆಸುಗೆ ಹಾಕಿದರೆ ಸಾಲದೇ ಎಂದು ಎಲೆಕ್ಟ್ರಿಷಿಯನ್ನರು ಕೇಳುತ್ತಾರೆ. ಆದರೆ ಬೆಸುಗೆಯ ಸೀಸ ವೈರಿನ ಎಳೆಗಳೊಳಗೆ ಏರಿ ವೈರನ್ನು ಕಡ್ಡಿಯಾಗಿಸುತ್ತದೆ. ಡೀಸೆಲ್ ಎಂಜಿನ್ನಿನ ನಡುಕಕ್ಕೆ, ಬೆಸುಗೆ ಮುಗಿದು ಮೆತ್ತಗಿನ ವೈರು ಶುರುವಾಗುವ ಜಾಗದಲ್ಲೇ ಅದು ತುಂಡಾಗುತ್ತದೆ. ಆದ್ದರಿಂದ ಇಕ್ಕಳಕ್ಕೆ ಕೊಟ್ಟ ಹಣದ ಬಗ್ಗೆ ನನಗೆ ಬೇಸರವಿಲ್ಲ.

ಇಷ್ಟೆಲ್ಲ ಗೊಣಗಿದ ಮೇಲೂ, ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ನನ್ನ ಅಭಿಪ್ರಾಯ ಮೆತ್ತಗಾಗಿದೆ. ಆಷಾಢದ ಜಡಿಮಳೆಯಲ್ಲಿ ಕೆಸರು ತೊಳೆದಾದ ಮೇಲೆ ಗ್ರಿಲ್ಲಿನ ಹಿಂದಿನ ಕಪ್ಲರನ್ನು ಒಮ್ಮೆ ಬಿಡಿಸಿ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಹೆಬ್ಬೆರಳಿನ ಉಗುರಿನಿಂದ ಲಾಕನ್ನು ಎತ್ತಿ ಎಳೆದರೆ, ಹೊರಗೆಲ್ಲ ಕೆಂಪು ಮಣ್ಣು ಮೆತ್ತಿಕೊಂಡಿದ್ದರೂ ಒಳಗಿನ ಪಿನ್ನುಗಳು ಡಬ್ಬಿಯಿಂದ ತೆಗೆದ ದಿನದಷ್ಟೇ ಹೊಳೆಯುತ್ತಿರುತ್ತವೆ. ಮತ್ತೆ ಒತ್ತಿದಾಗ ಟಕ್ ಎಂದು ಕೂರುತ್ತದೆ. ಹಿಂದೆ ಇದೇ ಜಾಗದ ಬುಲೆಟ್ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತಿತ್ತು. ಹೆಡ್‌ಲೈಟಿನ 55 ವ್ಯಾಟ್ ಬಲ್ಬು 12 ವೋಲ್ಟಿನಲ್ಲಿ ಸುಮಾರು 4.6 ಆಂಪಿಯರ್ ಎಳೆಯುತ್ತದೆ. ಕಿಲುಬಿನಿಂದ ಒಂದು ಜೋಡಣೆಯಲ್ಲಿ 0.1 ಓಮ್ ತಡೆ ಹುಟ್ಟಿದರೂ ಅರ್ಧ ವೋಲ್ಟಿನಷ್ಟು ಅಲ್ಲೇ ಕಳೆದುಹೋಗಿ ಪಿನ್ನು ಬಿಸಿಯಾಗುತ್ತದೆ. ಹ್ಯಾಲೊಜನ್ ಬಲ್ಬಿನಲ್ಲಿ ವೋಲ್ಟೇಜು ಶೇ. 10 ಇಳಿದರೆ ಬೆಳಕು ಸುಮಾರು ಶೇ. 30 ಇಳಿಯುತ್ತದೆ. ಮಂಜು ಕವಿದ ತಿರುವುಗಳಲ್ಲಿ ನಿತ್ಯ ಓಡಾಡುವವರಿಗೆ ಇದು ಕಾಗದದ ಮೇಲಿನ ಲೆಕ್ಕವಲ್ಲ.

ನಾನು ನಿರೀಕ್ಷಿಸದೇ ಇದ್ದ ಸುಖ ಇನ್ನೊಂದಿದೆ. ಈ ಜೀಪಿನಲ್ಲಿ ಹೆಡ್‌ಲೈಟುಗಳು ಗ್ರಿಲ್ಲಿಗೇ ಕೂತಿರುವುದರಿಂದ, ರೇಡಿಯೇಟರ್ ಇಳಿಸಬೇಕಾದರೆ ಮೊದಲು ಅವುಗಳ ವೈರು ಬಿಡಿಸಬೇಕು. ಈಗ ಹೆಡ್‌ಲೈಟು, ಪಾರ್ಕಿಂಗ್ ಮತ್ತು ಇಂಡಿಕೇಟರ್ ವೈರುಗಳು ಪ್ರತಿ ಬದಿಯಲ್ಲೂ ಒಂದೇ ಆರು ಪಿನ್ನಿನ ಕಪ್ಲರಿನಲ್ಲಿ ಬಿಟ್ಟುಕೊಳ್ಳುತ್ತವೆ. ಗ್ಯಾರೇಜಿನಲ್ಲಿ ಯಾರೂ ವೈರು ಕತ್ತರಿಸಿ ಟೇಪು ಸುತ್ತುವ ಪ್ರಮೇಯವೇ ಬರುವುದಿಲ್ಲ.

ಹೀಟರ್ ಪ್ಲಗ್, ಸೆಲ್ಫ್ ಮತ್ತು ಆಲ್ಟರ್ನೇಟರಿನ ದಪ್ಪ ವೈರುಗಳನ್ನು ಈ ಕಪ್ಲರುಗಳ ಹತ್ತಿರವೂ ತರಬಾರದು. ಅವು ನಮ್ಮಲ್ಲಿ ಮೊದಲಿನಂತೆಯೇ ತುದಿಗೆ ಥಿಂಬಲ್ (ತೂತಿರುವ ಲೋಹದ ಕಿವಿ) ಹಾಕಿ ಬೋಲ್ಟು ಬಿಗಿದೇ ಇವೆ. ಹಿಂದಿನ ಲೈಟುಗಳಿಗೆ ಮಾತ್ರ ಆಮೇಲೆ ಡಾಯ್ಚ್ ಎಂಬ ಬ್ರಾಂಡಿನ ಡಿಟಿ ಮಾದರಿಯ ಕಪ್ಲರ್ ತರಿಸಿದೆ. ಬೆಲೆ ಹಲವು ಪಟ್ಟು ಹೆಚ್ಚು, ನಿಜ. ಆದರೆ ಅದರ ಹಿಂಬದಿಯ ರಬ್ಬರು ಕಪ್ಲರಿನಲ್ಲೇ ಕೂತಿದ್ದು, ಸಾಮಾನ್ಯ ಮಾದರಿಯಲ್ಲಿ 2.24 ರಿಂದ 3.68 ಮಿ.ಮೀ. ದಪ್ಪದ ವೈರನ್ನು ಹಿಡಿಯುತ್ತದೆ. ಅಂದರೆ ಊರಿನಲ್ಲಿ ಸಿಗುವ ವೈರೇ ನಡೆಯುತ್ತದೆ. ತಗಡಿನಿಂದ ಮಡಿಸಿದ ಪಿನ್ನುಗಳನ್ನೇ ಕೇಳಿ ಪಡೆದರೆ ಕಿವಿ ಮಡಿಸುವ ಇಕ್ಕಳದಲ್ಲೇ ಕೆಲಸ ಮುಗಿಯುತ್ತದೆ; ಗಟ್ಟಿ ಪಿನ್ನುಗಳಿಗೆ ನಾಲ್ಕು ಕಡೆಯಿಂದ ಒತ್ತುವ ಬೇರೆಯದೇ ಇಕ್ಕಳ ಬೇಕು. ಇಡೀ ಜೀಪಿಗೆ ಇದನ್ನೇ ಹಾಕುವಷ್ಟು ಖರ್ಚು ಮಾಡಲು ನಾನು ಸಿದ್ಧನಿಲ್ಲ. ಎಂಜಿನ್ ಕೋಣೆಯಿಂದ ಮುಂದಕ್ಕೆ ಅಗ್ಗದ ಸೆಟ್ಟೇ ಮುಂದುವರಿಯುತ್ತದೆ, ತೆಳು ವೈರಿನ ಸುರುಳಿಯೊಂದು ಮನೆಯಲ್ಲಿ ಇರುವವರೆಗೆ.