ಏಜೆನ್ಸಿ ಹೋಂ ನರ್ಸ್, ಡೇ ಕೇರ್, ಪಕ್ಕದ ಬೀದಿಯ ಅಕ್ಕ: ಅಮ್ಮನಿಗಾಗಿ ಮೂರನ್ನೂ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಗೆ ಒಗ್ಗಿದ್ದು ಪಕ್ಕದ ಬೀದಿಯ ಅಕ್ಕ. ಅವರ ಜೊತೆಗೆ, ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ಮನೆಯವರಿಗಾಗಿ ತಿಂಗಳಿಗೊಮ್ಮೆ ನಡೆಯುವ ಮೀಟಿಂಗ್. ಇವೆರಡು ಸಿಗುವ ಮೊದಲು ಒಂದು ಏಜೆನ್ಸಿಗೆ ಎರಡೂವರೆ ತಿಂಗಳಲ್ಲಿ 73,000 ರೂಪಾಯಿ ಕೊಟ್ಟಿದ್ದೆ. ದುಡ್ಡಿನ ಮಾತು ಬಿಡಿ. ಅಷ್ಟೂ ದಿನ ಅಮ್ಮ ತನ್ನ ಮನೆಯಲ್ಲೇ ಹೆದರಿಕೊಂಡು ಇದ್ದಳಲ್ಲ, ಅದನ್ನು ನೆನೆದರೆ ಇವತ್ತಿಗೂ ಕರುಳು ಹಿಂಡಿದ ಹಾಗಾಗುತ್ತದೆ.

ಅಮ್ಮನಿಗೆ 78. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಅಂತ ಗೊತ್ತಾಗಿ ನಾಲ್ಕು ವರ್ಷ ಆಯಿತು. ನಡೆದಾಡುತ್ತಾಳೆ, ಊಟ ಮಾಡುತ್ತಾಳೆ, ಬಿಪಿ ಸರಿ ಇದೆ. ಆದರೆ ಒಬ್ಬಳನ್ನೇ ಬಿಡುವ ಹಾಗಿಲ್ಲ. ಗ್ಯಾಸ್ ಹಚ್ಚಿ ಮರೆತುಬಿಡುತ್ತಾಳೆ. ಗೇಟು ತೆಗೆದು ಅರಸೀಕೆರೆಗೆ ಹೊರಟುಬಿಡುತ್ತಾಳೆ, ಬೆಂಗಳೂರಿನ ವಿಜಯನಗರದಿಂದ, ನಡೆದುಕೊಂಡೇ. ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುವವಳು. ನಮ್ಮ ಯಜಮಾನರಿಗೂ ಆಫೀಸು. ಬೆಳಗ್ಗೆ 9ರಿಂದ ಸಂಜೆ 5ರವರೆಗೆ ಯಾರಾದರೂ ಬೇಕೇ ಬೇಕು.

ಎಲ್ಲರೂ ಹೇಳಿದ್ದು ಏಜೆನ್ಸಿ. ಮನೆಯಲ್ಲೇ ಇರುವ ಹೋಂ ನರ್ಸ್, ತಿಂಗಳಿಗೆ 28,000, ನೋಂದಣಿಗೆ 3,000. "ಒಬ್ಬರು ಹೋದರೆ 24 ಗಂಟೆಯೊಳಗೆ ಇನ್ನೊಬ್ಬರು ಬರುತ್ತಾರೆ" ಅಂತ ಕರಾರಿನಲ್ಲೇ ಬರೆದಿತ್ತು. ಆ ಸಾಲು ಓದಿ ನೆಮ್ಮದಿಯಾಗಿತ್ತು. ಕೊನೆಗೆ ನಮಗೆ ಪೆಟ್ಟು ಕೊಟ್ಟಿದ್ದೂ ಅದೇ ಸಾಲು.

ಮೊದಲು ಬಂದ ಹುಡುಗಿ ಒಡಿಶಾದವಳು, ಇಪ್ಪತ್ತೆರಡು ವಯಸ್ಸು. ತುಂಬಾ ಒಳ್ಳೆಯವಳು. ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಮಾತು ಗೊತ್ತಿಲ್ಲ, ಅವಳಿಗೆ ಕನ್ನಡ ಬರುವುದಿಲ್ಲ. ಆದರೂ ಎರಡು ವಾರದಲ್ಲಿ ಕೈಸನ್ನೆಯಲ್ಲೇ ಹೊಂದಿಕೊಂಡರು. 24ನೇ ದಿನ ಅವಳು ಅಕ್ಕನ ಮದುವೆಗೆ ಊರಿಗೆ ಹೋದಳು. ಇನ್ನೊಬ್ಬರು ಬಂದಿದ್ದು ಮೂರು ದಿನ ಬಿಟ್ಟು. ಅವರು ಒಂಬತ್ತು ದಿನ ಇದ್ದರು. ಆಮೇಲೆ ಮತ್ತೊಬ್ಬರು. ಎರಡೂವರೆ ತಿಂಗಳಲ್ಲಿ ಒಟ್ಟು ಐದು ಜನ.

ಬೇರೆ ಕಾಯಿಲೆಯಲ್ಲಿ ಇದು ಬರೀ ತೊಂದರೆ. ಮರೆವಿನ ಕಾಯಿಲೆಯಲ್ಲಿ ಹಾಗಲ್ಲ. ಅಮ್ಮನ ಲೆಕ್ಕದಲ್ಲಿ ಪ್ರತಿ ಸಲವೂ ಯಾರೋ ಗುರುತಿಲ್ಲದವರು ಮನೆಯೊಳಗೆ ನುಗ್ಗಿ, ಬಚ್ಚಲಿಗೆ ಕರೆದುಕೊಂಡು ಹೋಗಿ ಸೀರೆ ಬಿಚ್ಚು ಅನ್ನುತ್ತಿದ್ದಾರೆ. ಯಾರಿಗಾದರೂ ಹೆದರಿಕೆ ಆಗುತ್ತದೆ, ಅಲ್ವಾ? ಮೂರನೆಯವರು ಬಂದಾಗ ಆರು ದಿನ ಸ್ನಾನ ಮಾಡಲಿಲ್ಲ. ಬಳೆ ಬಿಚ್ಚಿ ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಳು. ನಾಲ್ಕನೆಯವರ ಕೈ ಕಚ್ಚಿದಳು. ಜೀವನದಲ್ಲಿ ಒಬ್ಬರ ಮೇಲೂ ಕೈ ಎತ್ತದವಳು ನಮ್ಮಮ್ಮ.

ಏಜೆನ್ಸಿಗೆ ಫೋನ್ ಮಾಡಿದರೆ, "ಕಂಪ್ಲೇಂಟ್ ಬರೆದುಕೊಂಡಿದ್ದೇವೆ ಮೇಡಂ" ಅನ್ನುತ್ತಿದ್ದರು. ಹೋಗುವವರು ಬರುವವರಿಗೆ ಒಂದು ಮಾತು ಹೇಳಿ ಹೋಗುವ ಏರ್ಪಾಡೇ ಇರಲಿಲ್ಲ. ನಾನೇ ಒಂದು ನೋಟ್‌ಬುಕ್ ಬರೆದಿಟ್ಟೆ. ಕಾಫಿ ಸ್ಟೀಲ್ ಲೋಟದಲ್ಲೇ ಕೊಡಬೇಕು, ಕಪ್ಪಿನಲ್ಲಿ ಕೊಟ್ಟರೆ ಮುಟ್ಟುವುದಿಲ್ಲ. ಮಾತ್ರೆ ಬಾಳೆಹಣ್ಣಿನ ಜೊತೆ. ಇಂಥವು. ಬಂದವರಲ್ಲಿ ಇಬ್ಬರಿಗೆ ಮಾತ್ರ ಕನ್ನಡ ಓದಲು ಬರುತ್ತಿತ್ತು.

ಆ ಹೆಣ್ಣುಮಕ್ಕಳ ತಪ್ಪು ಅಂತ ನಾನು ಹೇಳುತ್ತಿಲ್ಲ. ಒಬ್ಬಳು ಒಂದು ರಾತ್ರಿ ಹೇಳಿದಳು: ನಾನು ಕೊಡುವ 28,000ದಲ್ಲಿ ಅವಳ ಕೈಗೆ ಬರುತ್ತಿದ್ದುದು 15,000. ಭಾನುವಾರ ರಜೆ ಇಲ್ಲ. ರಾತ್ರಿ ಅಮ್ಮ ನಾಲ್ಕು ಸಲ ಎದ್ದರೆ ಅವಳೂ ನಾಲ್ಕು ಸಲ ಏಳಬೇಕು, ಬೆಳಗ್ಗೆ ಮತ್ತೆ ಕೆಲಸ. ಯಾರು ತಾನೇ ನಿಲ್ಲುತ್ತಾರೆ? ಅವರು ಕಲಿತು ಬಂದಿದ್ದೂ ಹಾಸಿಗೆ ಹಿಡಿದವರ ಆರೈಕೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಬೆನ್ನು ಹುಣ್ಣಾಗದ ಹಾಗೆ ನೋಡಿಕೊಳ್ಳುವುದು, ಡೈಪರ್, ಮೂಗಿನ ನಳಿಕೆಯಲ್ಲಿ ಊಟ. ಅದರಲ್ಲಿ ಅವರು ಗಟ್ಟಿ. ನಮ್ಮ ಮಾವನವರಿಗೆ ಸೊಂಟದ ಮೂಳೆ ಮುರಿದಾಗ ಏಜೆನ್ಸಿಯಿಂದ ಬಂದವರೇ ಎರಡು ತಿಂಗಳು ಚೆನ್ನಾಗಿ ನೋಡಿಕೊಂಡಿದ್ದರು. ಓಡಾಡುವ, ಮರೆಯುವ, ಸಿಟ್ಟಾಗುವ ಮನುಷ್ಯರನ್ನು ನೋಡಿಕೊಳ್ಳುವುದು ಬೇರೆಯದೇ ಕೆಲಸ.

ಡೇ ಕೇರ್ ನನಗೆ ನಿಜಕ್ಕೂ ಇಷ್ಟವಾಯಿತು. ಮರೆವಿನವರಿಗಾಗಿಯೇ ಇರುವ ಜಾಗ, ಬೆಳಗ್ಗೆ 10ರಿಂದ 4. ತಿಂಗಳಿಗೆ 14,000, ವ್ಯಾನ್ ಸೇರಿ. ಅಮ್ಮ ಅಲ್ಲಿ ದಾಸರ ಪದ ಹೇಳುತ್ತಿದ್ದಳು. ಮಗಳ ಹೆಸರು ಮರೆತಿದ್ದವಳು ಪದ ಒಂದು ಸಾಲೂ ಬಿಡದೆ ಹೇಳುತ್ತಿದ್ದಳು. ಆದರೆ ನಮ್ಮ ಮನೆಯಿಂದ ಅಲ್ಲಿಗೆ ಟ್ರಾಫಿಕ್‌ನಲ್ಲಿ ಒಂದೂಕಾಲು ಗಂಟೆ. ವಾಪಸ್ ಬರುವಾಗ ಅವಳಿಗೆ ವ್ಯಾನಿನಲ್ಲೇ ಒದ್ದೆಯಾಗುತ್ತಿತ್ತು, ಆ ಸಂಕೋಚಕ್ಕೆ ಮನೆಗೆ ಬಂದು ಅಳುತ್ತಿದ್ದಳು. ಎರಡು ತಿಂಗಳಿಗೆ ಬಿಡಿಸಿದೆ. ಎರಡು ಮೂರು ಕಿಲೋಮೀಟರ್ ಒಳಗೆ ಸಿಕ್ಕರೆ ಕಣ್ಣು ಮುಚ್ಚಿಕೊಂಡು ಸೇರಿಸಿ.

ಮೀಟಿಂಗ್ ವಿಷಯ ಗೊತ್ತಾಗಿದ್ದು ಆ ಡೇ ಕೇರ್‌ನಲ್ಲೇ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್, ಎಆರ್‌ಡಿಎಸ್‌ಐ (ಅಲ್ಜೈಮರ್ಸ್ ಅಂಡ್ ರಿಲೇಟೆಡ್ ಡಿಸಾರ್ಡರ್ಸ್ ಸೊಸೈಟಿ ಆಫ್ ಇಂಡಿಯಾ) ಶಾಖೆ, ಎರಡೂ ಮರೆವಿನ ಕಾಯಿಲೆಯವರಿಗಾಗಿ, ಅವರ ಮನೆಯವರಿಗಾಗಿ ಕೆಲಸ ಮಾಡುತ್ತವೆ. ಮೊದಲು ಅಲ್ಲಿ ವಿಚಾರಿಸಿ. ನಾನು ಹೋಗುವ ಗುಂಪು ಚಿಕ್ಕದು, ಹನ್ನೆರಡು ಹದಿಮೂರು ಜನ. ಫೀಸು ಇಲ್ಲ.

ಮೊದಲ ದಿನವೇ ಒಂದು ಹಾಳೆ ಕೊಟ್ಟರು. ಜರಿಟ್ ಪ್ರಶ್ನಾವಳಿ ಅಂತ ಹೆಸರು, ನೋಡಿಕೊಳ್ಳುವವರ ಮೇಲೆ ಎಷ್ಟು ಹೊರೆ ಇದೆ ಅಂತ ಅಳೆಯುವುದಕ್ಕೆ. 22 ಪ್ರಶ್ನೆ, ಒಂದೊಂದಕ್ಕೂ ಸೊನ್ನೆಯಿಂದ 4 ಅಂಕ. ಎಲ್ಲವೂ ನೋಡಿಕೊಳ್ಳುವವರ ಬಗ್ಗೆ: ನಿಮಗಾಗಿ ಸಮಯ ಸಿಗುತ್ತಿದೆಯಾ, ನಿಮ್ಮ ಆರೋಗ್ಯ ಕೆಡುತ್ತಿದೆ ಅನಿಸುತ್ತದಾ. 88ಕ್ಕೆ ನನಗೆ 57 ಬಂತು. ನಾಲ್ಕು ವರ್ಷದಲ್ಲಿ ಎಲ್ಲರೂ ಅಮ್ಮ ಹೇಗಿದ್ದಾರೆ ಅಂತ ಕೇಳಿದ್ದರು. ನೀನು ಹೇಗಿದ್ದೀಯ ಅಂತ ಕೇಳಿದ್ದು ಆ ಹಾಳೆಯೇ ಮೊದಲು. ಅಲ್ಲೇ ಕೂತು ಅತ್ತುಬಿಟ್ಟೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಸುಮ್ನೆ ನೀರಿನ ಬಾಟಲಿ ಮುಂದಿಟ್ಟರು. ಅವರಿಗೆ ಬಂದಿದ್ದ ಅಂಕ 63.

ಅಲ್ಲಿ ಕಲಿತದ್ದು ಯಾವ ಆಸ್ಪತ್ರೆಯಲ್ಲೂ ಹತ್ತು ನಿಮಿಷದಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಸ್ನಾನ ಮಾಡಿಸುವಾಗ ಮೊದಲೇ ತಲೆಗೆ ನೀರು ಹಾಕಬೇಡಿ, ಪಾದದಿಂದ ಶುರು ಮಾಡಿ. ಕಪ್ಪು ಕಾಲೊರಸು ಅವರ ಕಣ್ಣಿಗೆ ಗುಂಡಿಯ ಹಾಗೆ ಕಾಣಬಹುದು, ತೆಗೆದುಬಿಡಿ. ಮುಸ್ಸಂಜೆಯಲ್ಲಿ ಚಡಪಡಿಕೆ ಜಾಸ್ತಿ, ಅದಕ್ಕೆ ಕತ್ತಲಾಗುವ ಮೊದಲೇ ಎಲ್ಲಾ ಲೈಟು ಹಾಕಿ. "ಮನೆಗೆ ಹೋಗಬೇಕು" ಅಂದಾಗ "ಇದೇ ನಿನ್ನ ಮನೆ" ಅಂತ ವಾದ ಮಾಡಬೇಡಿ. "ಸರಿ, ಕಾಫಿ ಕುಡಿದು ಹೋಗೋಣ" ಅನ್ನಿ, ಗೇಟಿನವರೆಗೆ ನಡೆದು ಬನ್ನಿ. ಈಗ ದಿನಾ ಸಂಜೆ ಅರಸೀಕೆರೆಗೆ ಹೊರಡುತ್ತೇವೆ, ಬೀದಿ ಕೊನೆಯ ಹೊಂಗೆ ಮರದವರೆಗೆ. ಫೋನ್ ನಂಬರನ್ನು ಸೀರೆಯ ಒಳಸೆರಗಿಗೆ ಹೊಲಿಯುವುದೂ ಅಲ್ಲೇ ಗೊತ್ತಾಗಿದ್ದು. ತೆರಿಗೆಯ ವಿಷಯವೂ ಅಷ್ಟೇ. ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ, ಡಿಮೆನ್ಷಿಯಾದಿಂದ ಅಂಗವೈಕಲ್ಯ 40 ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚು ಇದೆ ಅಂತ ತಜ್ಞರ ಸರ್ಟಿಫಿಕೇಟ್ ಇದ್ದರೆ, ಹಿರಿಯರ ಚಿಕಿತ್ಸೆಯ ಖರ್ಚಿಗೆ ತೆರಿಗೆ ಹಾಕುವ ಆದಾಯದಲ್ಲಿ 1 ಲಕ್ಷದವರೆಗೆ ಕಡಿತ ಇದೆ.

ಅಕ್ಕ ಸಿಕ್ಕಿದ್ದು ಹೂ ಮಾರುವವರ ಮೂಲಕ. ಗಾರ್ಮೆಂಟ್ಸ್ ಕೆಲಸ ಬಿಟ್ಟಿದ್ದರು, ಐವತ್ತರ ಹತ್ತಿರ ವಯಸ್ಸು. ಟ್ರೈನಿಂಗ್ ಏನೂ ಇಲ್ಲ. ಆದರೆ ತಿಪಟೂರಿನ ಕಡೆಯವರು, ಅಮ್ಮನ ಕನ್ನಡ ಅವರ ಕನ್ನಡ ಒಂದೇ. ಮೊದಲ ವಾರ ಅವರು ಯಾವ ಕೆಲಸಕ್ಕೂ ಕೈ ಹಾಕಲಿಲ್ಲ. ಅಮ್ಮನ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸಿದರು, ಅಷ್ಟೇ. ಎಂಟನೇ ದಿನ ಅಮ್ಮ ತಾನಾಗಿಯೇ "ತಲೆ ಬಾಚೇ" ಅಂದಳು. ಈಗ ಅವರನ್ನು ತನ್ನ ತಂಗಿ ಅಂತಲೇ ತಿಳಿದಿದ್ದಾಳೆ. ಒಂದು ವರ್ಷ ಎರಡು ತಿಂಗಳಾಯಿತು, ಅದೇ ಮುಖ.

ಅವರಿಗೆ 17,000 ಕೊಡುತ್ತೇನೆ, ಅಷ್ಟೂ ಅವರ ಕೈಗೇ. ಭಾನುವಾರ ರಜೆ, ಗೌರಿ ಹಬ್ಬಕ್ಕೆ ಒಂದು ತಿಂಗಳ ಸಂಬಳ ಜಾಸ್ತಿ. ಅಸಂಘಟಿತ ಕಾರ್ಮಿಕರಿಗೆ ಕೊಡುವ ಈ-ಶ್ರಮ್ ಕಾರ್ಡ್ ಮಾಡಿಸಿದೆ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿದೆ, ಅಪಘಾತಕ್ಕೆ 2 ಲಕ್ಷದ ವಿಮೆ. ಮುಖ್ಯವಾಗಿ, ಮೀಟಿಂಗಿಗೆ ಅವರನ್ನೂ ಕರೆದುಕೊಂಡು ಹೋಗುತ್ತೇನೆ. ಎತ್ತಿ ಕೂರಿಸುವಾಗ ಬೆನ್ನು ಬಗ್ಗಿಸದೆ ಮಂಡಿ ಮಡಚಬೇಕು ಅಂತ ಅಲ್ಲಿ ಮಾಡಿ ತೋರಿಸಿದರು. ಅಕ್ಕನ ಬೆನ್ನು ನೋವು ಅದರಿಂದಲೇ ಕಮ್ಮಿಯಾಯಿತು. ಬೆನ್ನು ನೋವಿದೆ ಅಂತ ನನಗೆ ಅವರು ಹೇಳಿರಲೇ ಇಲ್ಲ. ನಾನೂ ಕೇಳಿರಲಿಲ್ಲ.

ತೊಂದರೆ ಇಲ್ಲ ಅಂತಲ್ಲ. ಅಕ್ಕನಿಗೆ ಜ್ವರ ಬಂದರೆ ನಾನು ರಜೆ ಹಾಕಲೇಬೇಕು. ರಾತ್ರಿಯೆಲ್ಲಾ ನನ್ನದೇ. ನನಗೆ ರಾತ್ರಿ ಏಳುವುದು ರೂಢಿಯಾಗಿದೆ, ತಮ್ಮ ಶಿವಮೊಗ್ಗದಿಂದ ತಿಂಗಳಿಗೆ 8,000 ಕಳಿಸುತ್ತಾನೆ, ಹಾಗಾಗಿ ನಡೆಯುತ್ತಿದೆ. ಎರಡೂ ಇಲ್ಲದವರಿಗೆ ಈ ಲೆಕ್ಕ ಕೂಡಿ ಬರದೇ ಇರಬಹುದು. ಹಾಸಿಗೆ ಹಿಡಿದವರಿದ್ದರೆ ಏಜೆನ್ಸಿಯನ್ನೇ ನೋಡಿ, ಆದರೆ ಕರಾರಿಗೆ ಸಹಿ ಹಾಕುವ ಮೊದಲು ಎರಡು ಕೇಳಿ: ಬರುವವರ ಕೈಗೆ ಎಷ್ಟು ಸಂಬಳ ಸಿಗುತ್ತದೆ, ವಾರಕ್ಕೆ ರಜೆ ಇದೆಯಾ.

ಫೋನ್ ನಂಬರುಗಳು ಗೋಡೆಯ ಮೇಲಿರಲಿ. ಹಿರಿಯರಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ ಎಲ್ಡರ್‌ಲೈನ್ 14567, ಬೆಳಗ್ಗೆ 8ರಿಂದ ರಾತ್ರಿ 8. ಬೆಂಗಳೂರಿನಲ್ಲಿ ಹಿರಿಯರ ಸಹಾಯವಾಣಿ 1090. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಇದು ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ಅಮ್ಮ ನನ್ನನ್ನೇ ಕಳ್ಳಿ ಅಂದ ರಾತ್ರಿ ಎರಡು ಗಂಟೆಗೆ ನಾನು ಫೋನ್ ಮಾಡಿದ್ದು ಈ ನಂಬರಿಗೆ. ಅರ್ಧ ಗಂಟೆ ಮಾತಾಡಿದರು.

ಮುಂದಿನ ಮೀಟಿಂಗ್ ಎರಡನೇ ಶನಿವಾರ. ಆ ದಿನ ನಮ್ಮ ಯಜಮಾನರು ಅಮ್ಮನ ಜೊತೆ ಇರುತ್ತಾರೆ. ಅಕ್ಕ ಈ ಸಲ ತಾವೇ ಒಂದು ಪ್ರಶ್ನೆ ಬರೆದುಕೊಂಡಿದ್ದಾರೆ.