ಗಂಜಿ ಬಟ್ಟೆಯ ದೆವ್ವ, ಕೊರೆದ ಕುಂಬಳಕಾಯಿ, ಅಂಗಡಿಯ ಕಿಟ್: ಪುಟ್ಟ ಮಕ್ಕಳ ಜೊತೆ ಯಾವುದು ಚೆನ್ನ?

ಅಕ್ಟೋಬರ್ ಬಂತೆಂದರೆ ನ್ಯೂಜೆರ್ಸಿಯ ನಮ್ಮ ಬೀದಿಯ ಮನೆಗಳ ಮುಂದೆ ಅಸ್ಥಿಪಂಜರಗಳು ಎದ್ದು ನಿಲ್ಲುತ್ತವೆ. ನನ್ನ ಮಕ್ಕಳಿಗೆ ಐದು ಮತ್ತು ಮೂರು ವರ್ಷ. ನಮ್ಮನೆ ಬಾಗಿಲಿಗೂ ಹ್ಯಾಲೋವೀನ್ (ಅಕ್ಟೋಬರ್ 31ರ ದೆವ್ವಗಳ ಹಬ್ಬ) ಅಲಂಕಾರ ಬೇಕು ಅಂತ ಇಬ್ಬರದೂ ಒಂದೇ ಹಟ. ಮೂರು ದಾರಿ ಮಾಡಿ ನೋಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗಂಜಿಯಲ್ಲಿ ಅದ್ದಿದ ಬಟ್ಟೆಯ ದೆವ್ವಕ್ಕೆ. ಅದಕ್ಕೆ ಅರ್ಧ ಕಾರಣ ಆ ದೆವ್ವದ ಚಂದ, ಇನ್ನರ್ಧ ಕಾರಣ ಅಂಗಡಿಯಿಂದ ತಂದ ಕಿಟ್.

ಕಿಟ್‌ಗೆ ಹದಿನಾರು ಡಾಲರ್. ಫೋಮ್‌ನಲ್ಲಿ ಕತ್ತರಿಸಿದ ಬಾವಲಿ, ಜೇಡ, ಕಣ್ಣು, ಹಲ್ಲು, ಎಲ್ಲಕ್ಕೂ ಹಿಂದೆ ಅಂಟು. ಸುಲಿದು ಅಂಟಿಸಿದರೆ ಆಯ್ತು ಅಂತ ಡಬ್ಬದ ಮೇಲೆ ಬರೆದಿತ್ತು. ಸುಲಿಯುವುದೇ ಇಲ್ಲಿ ಸಮಸ್ಯೆ. ಹಿಂದಿನ ಕಾಗದವನ್ನು ಫೋಮ್‌ನ ಅಂಚಿಗೆ ಸರಿಯಾಗಿ ಕತ್ತರಿಸಿರುತ್ತಾರೆ. ಹಿಡಿದು ಎಳೆಯಲು ಒಂದು ಚೂರೂ ಹೊರಗೆ ಚಾಚಿರುವುದಿಲ್ಲ. ಮೂರು ವರ್ಷದ ಮಗುವಿನ ಮೆತ್ತನೆ ಉಗುರಿಗೆ ಆ ಅಂಚು ಸಿಗುವುದೇ ಇಲ್ಲ. ಐದು ವರ್ಷದವಳು ಹಟ ಹಿಡಿದು ಕೆರೆದಳು. ಕಾಗದ ಬರಲಿಲ್ಲ, ಬಾವಲಿಯ ರೆಕ್ಕೆಯ ತುದಿ ಕಿತ್ತುಕೊಂಡು ಬಂತು. ಕೆಲವದರಲ್ಲಿ ಕಾಗದದ ಜೊತೆ ಅಂಟೂ ಎದ್ದು ಬಂದು ಫೋಮ್ ಬರಿದಾಯ್ತು.

ಹಾಗಾಗಿ ಸುಲಿಯುವ ಕೆಲಸವೆಲ್ಲ ನನ್ನ ಪಾಲಿಗೆ ಬಂತು. ನಾನು ಒಂದು ಕಣ್ಣು ಸುಲಿಯುವಷ್ಟರಲ್ಲಿ "ಅಮ್ಮಾ, ನಂದು" "ಇಲ್ಲ, ನಂದು" ಅಂತ ಜಗಳ. ಕಾಗದದ ನಡುವೆ ಗುಂಡುಸೂಜಿಯಿಂದ ಗೀರಿ, ಸ್ವಲ್ಪ ಬಗ್ಗಿಸಿದರೆ ಬೇಗ ಬಿಡುತ್ತದೆ. ಆದರೆ ಸೂಜಿ ಹಿಡಿದು ಕೂತ ಅಮ್ಮನ ಸುತ್ತ ಇಬ್ಬರು ಮಕ್ಕಳು ಮುಗಿಬೀಳುವುದು ನನಗೆ ಬೇಡ. ಮಕ್ಕಳು ಮಾಡಲಿ ಅಂತ ತಂದ ವಸ್ತುವನ್ನು ನಾನೇ ಕೂತು ಮಾಡಬೇಕು ಅಂದರೆ ದುಡ್ಡು ಕೊಟ್ಟಿದ್ದು ಯಾಕೆ? ನನಗೆ ನಿಜವಾಗಿ ಬೇಜಾರಾಯಿತು. ಕೊನೆಗೆ ಬಾಡಿಗೆ ಮನೆಯ ಗೋಡೆಯಿಂದ ಅವನ್ನು ಕಿತ್ತಾಗ ಅಂಟಿನ ಕಲೆ ಉಳಿಯಿತು. ಅದನ್ನು ಎಣ್ಣೆ ಹಚ್ಚಿ ಉಜ್ಜಿ ತೆಗೆದೆ.

ಕೊರೆದ ಕುಂಬಳಕಾಯಿ ಇಲ್ಲಿನ ನಿಜವಾದ ಸಂಪ್ರದಾಯ. ಐರ್ಲೆಂಡಿನವರು ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದರು, ಅಮೆರಿಕದಲ್ಲಿ ಅದು ಕುಂಬಳಕ್ಕೆ ಬಂತು. ಬಾಗಿಲಲ್ಲಿ ಅದರ ಬೆಳಕು ನೋಡಲು ತುಂಬಾ ಚೆಂದ, ಇದನ್ನು ಒಪ್ಪಲೇಬೇಕು. ಆದರೆ ಚಾಕು ದೊಡ್ಡವರ ಕೈಯಲ್ಲೇ ಇರಬೇಕು. ಮಕ್ಕಳಿಗೆ ಸಿಗುವುದು ತಿರುಳು ಬಗೆದು ಬೀಜ ತೆಗೆಯುವ ಕೆಲಸ ಮಾತ್ರ. ಬೀಜವನ್ನು ತೊಳೆದು ಒಣಗಿಸಿ, ಉಪ್ಪು ಖಾರ ಹಾಕಿ ಹುರಿದರೆ ಸಂಜೆಗೆ ಒಳ್ಳೆ ತಿಂಡಿ. ತಿರುಳು ಹುಳಿಗೆ ಆದೀತು ಅಂದುಕೊಳ್ಳಬೇಡಿ, ಕೊರೆಯಲು ಮಾರುವ ಕಾಯಿ ಬರೀ ನೀರು, ಬರೀ ನಾರು. ಅಡುಗೆಗೆ ಬೇಕಾದರೆ ಪೈ ಪಂಪ್‌ಕಿನ್ ಅಂತ ಮಾರುವ ಚಿಕ್ಕ ಕಾಯಿ ತನ್ನಿ. ಕೊರೆದ ಕಾಯಿ ಒಂದು ವಾರ ಉಳಿದರೆ ಹೆಚ್ಚು, ಒಳಗೆ ಬೂಷ್ಟು ಹಿಡಿಯುತ್ತದೆ. ಅಳಿಲುಗಳೂ ಬಿಡುವುದಿಲ್ಲ. ಕೊರೆಯದೆ ಬಣ್ಣ ಬಳಿದರೆ ಜಾಸ್ತಿ ದಿನ ಬಾಳುತ್ತದೆ.

ಈಗ ನನ್ನ ಗಂಜಿ ದೆವ್ವ. ಊರಲ್ಲಿ ಅಮ್ಮ ಹತ್ತಿ ಸೀರೆಗೆ ಗಂಜಿ ಹಾಕುತ್ತಿದ್ದರಲ್ಲ, ಅದೇ ವಿದ್ಯೆ. ಎರಡು ದೊಡ್ಡ ಚಮಚ ಕಾರ್ನ್‌ಸ್ಟಾರ್ಚ್ (ಊರಲ್ಲಿ ಕಾರ್ನ್‌ಫ್ಲೋರ್ ಅನ್ನುವುದು) ಅನ್ನು ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ಒಟ್ಟು ಒಂದು ಕಪ್ ನೀರಾಗುವಂತೆ ಮಾಡಿ, ಸಣ್ಣ ಉರಿಯಲ್ಲಿ ತಿರುವುತ್ತಾ ಕುದಿಸಿ. ಬೆಳ್ಳಗಿದ್ದ ನೀರು ಗಾಜಿನ ಹಾಗೆ ತಿಳಿಯಾಗಿ ದಪ್ಪಗಾದರೆ ಸಾಕು. ಚೆನ್ನಾಗಿ ಆರಿದ ಮೇಲೆ ಮಾತ್ರ ಮಕ್ಕಳ ಮುಂದೆ ಇಡಿ. ಕಿರಾಣಿ ಅಂಗಡಿಯಲ್ಲಿ ಚೀಸ್‌ಕ್ಲಾತ್ ಅಂತ ಸಿಗುವ, ಪನೀರ್ ಬಸಿಯುವ ತೆಳು ಬಟ್ಟೆ ತೆಗೆದುಕೊಳ್ಳಿ. ನೇಯ್ಗೆ ಸಡಿಲ ಇದ್ದಷ್ಟೂ ಒಳ್ಳೆಯದು, ಅಂಚಿನ ನೂಲು ಬಿಚ್ಚಿಕೊಂಡು ತಾನಾಗಿಯೇ ಜೋಲಾಡುತ್ತದೆ. ಒಂದು ಬಾಟಲಿಯ ಮೇಲೆ ಚೆಂಡು ಕೂರಿಸಿ, ಎರಡಕ್ಕೂ ಪ್ಲಾಸ್ಟಿಕ್ ಹಾಳೆ ಸುತ್ತಿ. ಬಟ್ಟೆಯನ್ನು ಗಂಜಿಯಲ್ಲಿ ಅದ್ದಿ, ಹಿಂಡಿ, ಮೇಲೆ ಹೊದಿಸಿ. ಕೆಳಗಿನ ಅಂಚು ಮೇಜಿನ ಮೇಲೆ ಸ್ವಲ್ಪ ಹರಡಿರಲಿ, ನಿಲ್ಲಲು ಅದೇ ಆಧಾರ. ಒಂದು ರಾತ್ರಿ ಬಿಡಿ. ಬೆಳಿಗ್ಗೆ ಬಾಟಲಿ ತೆಗೆದರೂ ಬಟ್ಟೆ ನಿಂತೇ ಇರುತ್ತದೆ, ಒಳಗೆ ಖಾಲಿ! ಅದನ್ನು ನೋಡಿದ ಮಕ್ಕಳ ಮುಖ ನೋಡಬೇಕು.

ಇಲ್ಲಿ ಅದ್ದುವುದು, ಹಿಂಡುವುದು, ಹೊದಿಸುವುದು ಎಲ್ಲವೂ ಮಕ್ಕಳದ್ದೇ. ಮೂರು ವರ್ಷದವನು ಬೆರಳು ಚೀಪಿದರೂ ಭಯವಿಲ್ಲ, ಬಾಯಿಗೆ ಹೋಗುವುದು ಬರೀ ಗಂಜಿ ತಾನೆ. ಬೀದಿಯ ಅಸ್ಥಿಪಂಜರ ಕಂಡರೆ ಹೆದರಿ ನನ್ನ ಕಾಲು ತಬ್ಬುತ್ತಿದ್ದ ಅವನು, ಕಪ್ಪು ಕಾಗದದ ಕಣ್ಣನ್ನು ತಾನೇ ಅಂಟಿಸಿದ ಈ ದೆವ್ವಕ್ಕೆ ಮುತ್ತು ಕೊಟ್ಟ. ಪುಟ್ಟ ಮಕ್ಕಳ ಮನೆಗೆ ಇಂಥ ದೆವ್ವವೇ ಸರಿ.

ಕೊರತೆ ಇಲ್ಲ ಅಂತಲ್ಲ. ಮಳೆಗೆ, ಇಬ್ಬನಿಗೆ ಗಂಜಿ ಮೆತ್ತಗಾಗಿ ಕುಸಿಯುತ್ತದೆ. ಹಾಗಾಗಿ ಮನೆಯೊಳಗೆ, ಕಿಟಕಿಯಲ್ಲಿ ಇಡಿ. ಒಳಗೆ ದೀಪ ಇಡುವುದಾದರೆ ಬೆಂಕಿ ಬೇಡವೇ ಬೇಡ, ಬ್ಯಾಟರಿ ದೀಪ ಸಾಕು. ಅದರಲ್ಲೂ ಗುಂಡಿಯಂಥ ಪುಟ್ಟ ಬಟನ್ ಬ್ಯಾಟರಿ ಇದ್ದರೆ ಮುಚ್ಚಳಕ್ಕೆ ಸ್ಕ್ರೂ ಇದೆಯಾ ನೋಡಿ. ಮಗು ಆ ಬ್ಯಾಟರಿ ನುಂಗಿದರೆ ಅನ್ನನಾಳ ಸುಡುತ್ತದೆ. ಇದೇ ಕಾರಣಕ್ಕೆ ಅಮೆರಿಕದಲ್ಲಿ 2022ರಲ್ಲಿ ಕಾನೂನೇ ಬಂತು. ಹಳೆ ದೀಪಗಳು ಅದಕ್ಕೂ ಹಿಂದಿನವು ಇರಬಹುದು.

ಎಳೆದು ಹರಡುವ ನಕಲಿ ಜೇಡರ ಬಲೆಯನ್ನು ಗಿಡಗಳ ಮೇಲೆ ಹಾಕಲೇಬೇಡಿ, ಹಕ್ಕಿ, ಜೇನುನೊಣ ಸಿಕ್ಕಿಕೊಳ್ಳುತ್ತವೆ.

ನನಗೆ ಗಂಜಿ ದೆವ್ವ ಹೊಂದುವುದಕ್ಕೆ ಇನ್ನೊಂದು ಕಾರಣ ದೀಪಾವಳಿ. ಹ್ಯಾಲೋವೀನ್, ದೀಪಾವಳಿ ಎರಡೂ ಹತ್ತಿರ ಹತ್ತಿರವೇ ಬರುತ್ತವೆ. 2024ರಲ್ಲಂತೂ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಂತು. ಹಣತೆ, ಎಣ್ಣೆ, ಸಿಹಿ, ಮಕ್ಕಳ ಬಟ್ಟೆ ಅಂತ ಆ ತಿಂಗಳು ಖರ್ಚು ಜಾಸ್ತಿ. ದೆವ್ವದ ಬಟ್ಟೆಗಾದರೆ ನಾಲ್ಕೈದು ಡಾಲರ್, ಉಳಿದದ್ದೆಲ್ಲ ಅಡುಗೆಮನೆಯಲ್ಲೇ ಇರುತ್ತದೆ. ಹಬ್ಬ ಮುಗಿದ ಮೇಲೆ ಬಿಸಿನೀರಲ್ಲಿ ನೆನೆಸಿದರೆ ಗಂಜಿ ಬಿಟ್ಟು ಬಟ್ಟೆ ಮತ್ತೆ ಮೆತ್ತಗಾಗುತ್ತದೆ, ಮುಂದಿನ ವರ್ಷಕ್ಕೆ ಎತ್ತಿಡಬಹುದು.

ನಿಮ್ಮ ಮಕ್ಕಳಿಗೆ ಏಳೆಂಟು ವರ್ಷ ಆಗಿದ್ದು, ಒಂದು ರಾತ್ರಿ ಕಾಯುವ ತಾಳ್ಮೆ ಮನೆಯಲ್ಲಿ ಯಾರಿಗೂ ಇಲ್ಲದಿದ್ದರೆ ಕಿಟ್ ತನ್ನಿ. ಆದರೆ ಅಂಗಡಿಯಲ್ಲೇ ಡಬ್ಬ ತಿರುಗಿಸಿ, ಅಂಟಿನ ಕಾಗದದ ನಡುವೆ ಸೀಳು ಇದೆಯಾ ಅಂತ ನೋಡಿ ಕೊಳ್ಳಿ.